ಮನೆಮಂದಿಯೆಲ್ಲ ಅರಾಸ್ಟ್ರಡೇರೊ ಕೆರೆಗೆ ಹೋಗಿಬರೋದು ಹೇಗೆ?

ಏಪ್ರಿಲ್ ಬಂತೆಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಏರ್‌ಪೋರ್ಟ್ ಓಡಾಟ ಶುರು. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಮೊದಲ ವಾರ ಗೋಲ್ಡನ್ ಗೇಟ್, ಎರಡನೇ ವಾರ ಲಿವರ್‌ಮೋರ್ ದೇವಸ್ಥಾನ, ಮೂರನೇ ವಾರ ಔಟ್‌ಲೆಟ್ ಮಾಲ್. ನಾಲ್ಕನೇ ವಾರಕ್ಕೆ ಸರಿಯಾಗಿ ನನಗೊಂದು ಮೆಸೇಜ್ ಬರುತ್ತದೆ. "ಮಾವನಿಗೆ ಎಪ್ಪತ್ತು ದಾಟಿದೆ, ಮಗಳಿಗೆ ನಾಲ್ಕು ವರ್ಷ. ಎಲ್ಲರೂ ನಡೆಯುವಂಥ, ಸ್ವಲ್ಪ ನೀರು ಕಾಣುವಂಥ ಜಾಗ ಹತ್ತಿರದಲ್ಲಿ ಇದ್ಯಾ?" ಹೆಸರು ಬೇರೆ, ವಯಸ್ಸು ಬೇರೆ, ಪ್ರಶ್ನೆ ಅದೇ. ನನ್ನ ಉತ್ತರವೂ ಅದೇ: ಪಾಲೊ ಆಲ್ಟೊದ ಅರಾಸ್ಟ್ರಡೇರೊ. ಒಬ್ಬೊಬ್ಬರಿಗೂ ಮತ್ತೆ ಮತ್ತೆ ಟೈಪ್ ಮಾಡುವ ಬದಲು ಒಂದೇ ಸಲ ಪೂರ್ತಿ ಬರೆದುಬಿಡ್ತೀನಿ.

ಪೂರ್ತಿ ಹೆಸರು ಪಿಯರ್ಸನ್-ಅರಾಸ್ಟ್ರಡೇರೊ ಪ್ರಿಸರ್ವ್. ಪ್ರಿಸರ್ವ್ ಅಂದರೆ ಕಾಯ್ದಿಟ್ಟ ಜಾಗ. ಉಯ್ಯಾಲೆ, ಜಾರುಬಂಡೆ ಇರುವ ಪಾರ್ಕ್ ಅಲ್ಲ ಇದು. 622 ಎಕರೆ ಹುಲ್ಲುಗುಡ್ಡ, ಅಲ್ಲಲ್ಲಿ ಓಕ್ ಮರಗಳು, ನಡುವೆ ಸುಮಾರು 10 ಮೈಲಿ ಕಾಲುದಾರಿ. ಎಲ್ಲವೂ ಪಾಲೊ ಆಲ್ಟೊ ನಗರದ್ದು. 1970ರ ದಶಕದಲ್ಲಿ ಇಲ್ಲಿ ಸಾಲಾಗಿ ಮನೆಗಳು ಏಳಬೇಕಿತ್ತು. ಕೋರ್ಟು ಕಚೇರಿ ಎಲ್ಲ ಆಗಿ ಕೊನೆಗೆ ನಗರವೇ ಜಾಗ ಕೊಂಡುಕೊಂಡಿತು. ಬಯಲು ಜಾಗ ಉಳಿಸಲು ಹೋರಾಡಿದ ನಗರಸಭೆ ಸದಸ್ಯೆ ಈನಿಡ್ ಪಿಯರ್ಸನ್ ಅವರ ಹೆಸರು ಅದಕ್ಕೇ ಮುಂದೆ ಕೂತಿದೆ. ಅರಾಸ್ಟ್ರಡೇರೊ ಎನ್ನುವುದು ಸ್ಪ್ಯಾನಿಷ್ ಮಾತು, ಬೆಟ್ಟದಿಂದ ಮರದ ದಿಮ್ಮಿ ಎಳೆದು ತರುತ್ತಿದ್ದ ದಾರಿ ಎಂದರ್ಥ.

ಹೊರಡುವ ಮುಂಚೆಯೇ ಒಂದು ಮಾತು. ಬೋರ್ಡಿನಲ್ಲಿ "ಅರಾಸ್ಟ್ರಡೇರೊ ಲೇಕ್" ಅಂತಿರುತ್ತದೆ. ಅದನ್ನು ಓದಿ ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥದ್ದನ್ನು ಮನಸ್ಸಲ್ಲಿಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಇದು ನಮ್ಮ ಹಳ್ಳಿ ಕಡೆಯ ಕಟ್ಟೆಯಷ್ಟು ದೊಡ್ಡದು, ಅಷ್ಟೇ. ಈ ಬೆಟ್ಟಸಾಲಿನ ಹೊಂಡಗಳಲ್ಲಿ ಹೆಚ್ಚಿನವು ಸ್ಟಾಕ್ ಪಾಂಡ್‌ಗಳು. ದನಕರುಗಳಿಗೆ ನೀರು ಬೇಕು ಅಂತ ರ್‍ಯಾಂಚಿನವರು ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದ್ದು. ಹಾಗಾಗಿ ಅಮ್ಮನಿಗೆ ಹೇಳುವಾಗ "ಲೇಕ್ ನೋಡೋಕ್ಕೆ ಹೋಗೋಣ" ಅನ್ನಬೇಡಿ, "ದನದ ಕಟ್ಟೆ ತನಕ ನಡ್ಕೊಂಡು ಹೋಗಿ ಬರೋಣ" ಅನ್ನಿ. ಆಗ ಅಲ್ಲಿ ಸಿಗುವುದೆಲ್ಲ ಲಾಭ.

ಹಂತ 1: ತಿಂಗಳು ನೋಡಿ, ಆಮೇಲೆ ಹೊತ್ತು ನೋಡಿ

ಅರ್ಧ ಜನ ಎಡವುವುದು ಇಲ್ಲೇ. ಕ್ಯಾಲಿಫೋರ್ನಿಯಾದ ಮಳೆಗಾಲ ನಮ್ಮದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಮಳೆ ಬರುವುದು ನವೆಂಬರಿನಿಂದ ಏಪ್ರಿಲ್ ತನಕ. ಜೂನ್‌ನಿಂದ ಸೆಪ್ಟೆಂಬರ್ ತನಕ ಹನಿಯೂ ಬೀಳುವುದಿಲ್ಲ ಅನ್ನಿ. ಗುಡ್ಡ ಹಸಿರಾಗಿರುವುದು ಹೆಚ್ಚುಕಡಿಮೆ ಜನವರಿಯಿಂದ ಏಪ್ರಿಲ್ ಕೊನೆಯವರೆಗೆ. ಆಮೇಲೆ ಹುಲ್ಲೆಲ್ಲ ಒಣಗಿ ಗೋಧಿ ಬಣ್ಣ. ಪೋಸ್ಟ್‌ಕಾರ್ಡುಗಳಲ್ಲಿ ಅದನ್ನು "ಚಿನ್ನದ ಬೆಟ್ಟ" ಅಂತಾರೆ. ನನ್ನ ಅತ್ತೆ "ಅಯ್ಯೋ, ಎಲ್ಲ ಒಣಗಿಹೋಗಿದೆಯಲ್ಲಾ" ಅಂದರು. ಇಬ್ಬರು ಹೇಳಿದ್ದೂ ನಿಜ.

ಮಾರ್ಚ್ ಮತ್ತು ಏಪ್ರಿಲ್ ಅತ್ಯುತ್ತಮ. ಕೆರೆ ತುಂಬಿರುತ್ತದೆ, ಗುಡ್ಡದ ಮೇಲೆ ಕಿತ್ತಳೆ ಬಣ್ಣದ ಪಾಪಿ, ನೀಲಿ ಲೂಪಿನ್ ಹೂ. ಮೇ ತಿಂಗಳೂ ಪರವಾಗಿಲ್ಲ. ಜೂನ್ ನಂತರ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಗೇಟು ತೆರೆಯುವುದು 8 ಗಂಟೆಗೆ, ಮುಚ್ಚುವುದು ಸೂರ್ಯಾಸ್ತಕ್ಕೆ. ಎಂಟಕ್ಕೆ ಅಲ್ಲಿದ್ದರೆ ಹತ್ತೂವರೆಯೊಳಗೆ ವಾಪಸ್ ಕಾರಿನ ಹತ್ತಿರ ಇರಬಹುದು. ನಾನು ಮೊದಲ ಸಲ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿದ್ದು ಆಗಸ್ಟಿನಲ್ಲಿ, ಊಟ ಮುಗಿಸಿಕೊಂಡು ಮಧ್ಯಾಹ್ನ ಒಂದಕ್ಕೆ. ನೆರಳಿಲ್ಲದ ಹುಲ್ಲುಗುಡ್ಡದಲ್ಲಿ ಅರ್ಧ ದಾರಿಗೇ ಎಲ್ಲರೂ ತಿರುಗಿದೆವು. ಆಮೇಲೆ ವಾರವಿಡೀ ಮನೆಯಲ್ಲಿ ನನ್ನ ಮಾತಿಗೆ ಬೆಲೆ ಇರಲಿಲ್ಲ.

ಚಳಿಗಾಲದಲ್ಲಿ ಬೇರೆಯದೇ ಸಮಸ್ಯೆ: ಕೆಸರು. ಇಲ್ಲಿನ ಮಣ್ಣು ಜೇಡಿ. ಉತ್ತರ ಕರ್ನಾಟಕದವರಿಗೆ ಎರೆಹೊಲ ಅಂದರೆ ಸಾಕು, ಅರ್ಥವಾಗುತ್ತದೆ. ಒಂದು ಹೆಜ್ಜೆಗೆ ಒಂದು ಮುದ್ದೆ ಶೂಗೆ ಅಂಟುತ್ತದೆ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ಬಿಟ್ಟು ಹೋಗಿ. ಒದ್ದೆ ಇದ್ದಾಗ ಕೆಲವು ದಾರಿಗಳನ್ನು ನಗರದವರೇ ಮುಚ್ಚುತ್ತಾರೆ. "ಟ್ರೇಲ್ ಕ್ಲೋಸ್ಡ್" ಬೋರ್ಡ್ ಇದ್ದರೆ ಪಕ್ಕದಿಂದ ನುಸುಳಿ ಹೋಗಬೇಡಿ.

ಬೇಸಿಗೆಯ ಕೊನೆ ಮತ್ತು ಅಕ್ಟೋಬರಿನಲ್ಲಿ ಇನ್ನೊಂದು ವಿಷಯ ನೋಡಿಕೊಳ್ಳಿ: ರೆಡ್ ಫ್ಲ್ಯಾಗ್ ವಾರ್ನಿಂಗ್. ಒಣ ಗಾಳಿ, ಒಣ ಹುಲ್ಲು, ಬೆಂಕಿ ಹತ್ತಿದರೆ ನಿಲ್ಲದು ಅನ್ನುವ ದಿನಗಳಿಗೆ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆ ಅದು. ಆ ದಿನ ಹೋಗಲೇಬೇಡಿ. ಹೊಗೆ ಇದ್ದ ದಿನವೂ ಅಷ್ಟೇ.

ಹಂತ 2: ಯಾರು ಎಷ್ಟು ನಡೆಯುತ್ತಾರೆ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿ

ಪಾರ್ಕಿಂಗಿನಿಂದ ಕೆರೆಗೆ ದೊಡ್ಡವರ ನಡಿಗೆಯಲ್ಲಿ ಸುಮಾರು 20 ನಿಮಿಷ. ನಾಲ್ಕು ವರ್ಷದ ಮಗು ಜೊತೆಗಿದ್ದರೆ 40 ನಿಮಿಷ. ಪ್ರತಿ ಕಲ್ಲನ್ನೂ ಎತ್ತಿ ನೋಡುವ ಮಗು ಆದರೆ ಒಂದು ಗಂಟೆ. ಅಷ್ಟು ಸಮಯ ಇಟ್ಟುಕೊಂಡೇ ಹೊರಡಿ, ಅವಸರ ಮಾಡಿಸಿದರೆ ಮಗುವೂ ಅಳುತ್ತದೆ, ನೀವೂ ಅಳುತ್ತೀರಿ.

ಇಡೀ ಪ್ರಿಸರ್ವ್‌ನ ತಗ್ಗು ಜಾಗ ಸಮುದ್ರಮಟ್ಟದಿಂದ 275 ಅಡಿ, ಎತ್ತರದ್ದು 775 ಅಡಿ. ಕೆರೆಗೆ ಹೋಗುವಾಗ ಅದರ ತುದಿ ಮುಟ್ಟಬೇಕಾಗಿಲ್ಲ. ಸಣ್ಣಪುಟ್ಟ ಏರು ಇಳಿತ ಅಷ್ಟೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದವರಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ದಾರಿಯಲ್ಲಿ ಸಣ್ಣ ಜಲ್ಲಿಕಲ್ಲು ಇದ್ದರೆ ಜಾರುತ್ತದೆ. ಒಂದು ವಾಕಿಂಗ್ ಸ್ಟಿಕ್ ಕೊಡಿ. "ನಂಗ್ಯಾಕೆ ಕೋಲು" ಅಂತ ಮಾವ ಹೇಳಿಯೇ ಹೇಳುತ್ತಾರೆ. ಕಾರಿನಲ್ಲಿ ಇರಲಿ ಅಂತ ಸುಮ್ನೆ ತೆಗೆದುಕೊಂಡು ಹೋಗಿ, ಇಳಿಜಾರಿನಲ್ಲಿ ಅವರೇ ಕೇಳುತ್ತಾರೆ.

ಊರಿನಿಂದ ಬಂದು ವಾರ ಕಳೆಯದಿದ್ದರೆ ಬೇಡ. ಜೆಟ್‌ಲ್ಯಾಗ್‌ನಲ್ಲಿ ನಿದ್ದೆಯೂ ಇಲ್ಲ, ಹಸಿವೆಯೂ ಇಲ್ಲ. ಮೇಲಿಂದ ಬಿಸಿಲು ಬಿದ್ದರೆ ಬಿಪಿ, ಶುಗರ್ ಇರುವವರಿಗೆ ತಲೆಸುತ್ತು ಬರಬಹುದು.

ಮಗುವಿನ ಗಾಡಿ ತರಬಹುದಾ ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡ ಗಾಳಿ ಚಕ್ರದ ಜಾಗಿಂಗ್ ಸ್ಟ್ರಾಲರ್ ಆದರೆ ನೆಲ ಒಣಗಿದ್ದಾಗ ಅಗಲದ ದಾರಿಗಳಲ್ಲಿ ನಡೆಯುತ್ತದೆ. ಮಡಚುವ, ಪುಟ್ಟ ಚಕ್ರದ ಗಾಡಿ ತಂದರೆ ಕೊನೆಗೆ ಮಗುವನ್ನೂ ಗಾಡಿಯನ್ನೂ ನೀವೇ ಹೊತ್ತುಕೊಂಡು ಬರಬೇಕು.

ಹಂತ 3: ಉಡುಪು, ಚೀಲ

ಮೊದಲು ಕಾಲು. ಬೆರಳು ಮುಚ್ಚುವ ಶೂ, ಸಾಕ್ಸ್. ಚಪ್ಪಲಿ ಬೇಡ. ಎಲ್ಲರಿಗೂ ಉದ್ದ ಪ್ಯಾಂಟು. ಅಮ್ಮ ಸೀರೆಯೇ ಉಡುತ್ತೇನೆ ಅಂದರೆ ಮಾರ್ಚಿನಲ್ಲಿ ನಡೆಯುತ್ತದೆ, ಮೇ ತಿಂಗಳ ನಂತರ ಚೂಡಿದಾರ್ ಅಥವಾ ಪ್ಯಾಂಟಿಗೆ ಒಪ್ಪಿಸಿ. ಕಾರಣ ಫಾಕ್ಸ್‌ಟೇಲ್ ಅನ್ನುವ ಹುಲ್ಲು. ಒಣಗಿದ ಮೇಲೆ ಅದರ ತೆನೆ ಬಾಣದ ಹಾಗೆ ಬಿಡಿಬಿಡಿಯಾಗಿ ಬಟ್ಟೆಗೆ ಚುಚ್ಚಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಒಳಕ್ಕೆ ಸರಿಯುತ್ತದೆ, ಹೊರಕ್ಕೆ ಬರುವುದಿಲ್ಲ. ನೆರಿಗೆಯ ಅಂಚಿನಲ್ಲಿ ಸಿಕ್ಕಿಕೊಂಡರೆ ಕೂತು ಒಂದೊಂದೇ ಕೀಳಬೇಕು. ನಾಯಿ ಕರೆದುಕೊಂಡು ಹೋಗುವವರಿಗೆ ಇದು ತಮಾಷೆಯಲ್ಲ. ಕಿವಿ, ಮೂಗು, ಕಾಲ್ಬೆರಳ ಸಂದಿಗೆ ಹೊಕ್ಕರೆ ಪಶುವೈದ್ಯರ ಬಳಿಗೇ ಓಡಬೇಕು. ಅಂದಹಾಗೆ ನಾಯಿಗೆ ಇಲ್ಲಿ ಪ್ರವೇಶ ಉಂಟು, ಹಗ್ಗ ಬಿಚ್ಚುವಂತಿಲ್ಲ.

ಬೆಳಿಗ್ಗೆ ಚಳಿ, ಹತ್ತಕ್ಕೆ ಸೆಕೆ. ಸ್ವೆಟರ್ ಒಂದು ಮೇಲೆ ಇರಲಿ, ಟೋಪಿ ಮರೆಯಬೇಡಿ.

ನೀರು ತಲೆಗೆ ಒಂದು ಲೀಟರ್, ಮನೆಯಿಂದಲೇ. ಬೆಂಗಳೂರು, ಮಂಗಳೂರಿನವರಿಗೆ ಇಲ್ಲಿ ಒಂದು ಮೋಸ ಆಗುತ್ತದೆ. ಒಣ ಹವೆಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಹಾಗೇ ಆರಿಹೋಗುತ್ತದೆ. "ಬಾಯಾರಿಕೆ ಇಲ್ಲಪ್ಪ" ಅನ್ನುತ್ತಲೇ ನೀರು ಕಡಿಮೆಯಾಗಿರುತ್ತದೆ. ಕೇಳಬೇಡಿ, ಬಾಟಲಿ ಕೈಗೆ ಕೊಟ್ಟುಬಿಡಿ.

ತಿಂಡಿಗೆ ಚಿತ್ರಾನ್ನಕ್ಕಿಂತ ಚಪಾತಿ ಸುರುಳಿ ವಾಸಿ, ಕೈ ತೊಳೆಯುವ ರಗಳೆ ಇಲ್ಲ. ಜೊತೆಗೆ ಕಸಕ್ಕೊಂದು ಚೀಲ, ಮೂಲಂಗಿ ಎಲೆಯಿಂದ ಬಾಳೆಹಣ್ಣಿನ ಸಿಪ್ಪೆ ತನಕ ಏನನ್ನೂ ಅಲ್ಲಿ ಬಿಡುವ ಹಾಗಿಲ್ಲ. "ಮಣ್ಣಲ್ಲಿ ಮಣ್ಣಾಗುತ್ತೆ ಬಿಡು" ಅನ್ನುವ ನಮ್ಮ ಮಾತು ಈ ಒಣ ಗುಡ್ಡದಲ್ಲಿ ನಡೆಯಲ್ಲ. ಸಿಪ್ಪೆ ತಿಂಗಳುಗಟ್ಟಲೆ ಅಲ್ಲೇ ಕಪ್ಪಾಗಿ ಬಿದ್ದಿರುತ್ತದೆ. ಬೆಂಕಿ, ಗ್ರಿಲ್, ಸಿಗರೇಟು ಯಾವುದೂ ಇಲ್ಲ.

ಹಂತ 4: ದಾರಿ ಮತ್ತು ಪಾರ್ಕಿಂಗ್

280 ಹೆದ್ದಾರಿಯಲ್ಲಿ ಪೇಜ್ ಮಿಲ್ ರೋಡ್ ಎಕ್ಸಿಟ್ ತೆಗೆದುಕೊಳ್ಳಿ. ಬೆಟ್ಟದ ಕಡೆಗೆ ತಿರುಗಿ, ಸ್ವಲ್ಪ ಮುಂದೆ ಬಲಕ್ಕೆ ಅರಾಸ್ಟ್ರಡೇರೊ ರೋಡ್. ಅದರಲ್ಲಿ ಹೋದರೆ ಪಾರ್ಕಿಂಗ್ ಬಲಗಡೆ ಸಿಗುತ್ತದೆ. ಪಾರ್ಕಿಂಗಿಗೂ ದುಡ್ಡಿಲ್ಲ, ಒಳಗೆ ಹೋಗುವುದಕ್ಕೂ ದುಡ್ಡಿಲ್ಲ.

ಫೋನಿನಲ್ಲಿ ಬರೀ "ಅರಾಸ್ಟ್ರಡೇರೊ ರೋಡ್" ಅಂತ ಹಾಕಬೇಡಿ. ಅದೇ ಹೆಸರಿನ ರಸ್ತೆ 280ರ ಆಚೆ, ಊರೊಳಗೂ ಇದೆ. ನೀವು ಹೈಸ್ಕೂಲಿನ ಮುಂದೆ ಹೋಗಿ ನಿಂತಿರುತ್ತೀರಿ. ಪ್ರಿಸರ್ವ್ ಅಂತ ಪೂರ್ತಿ ಹೆಸರು ಹಾಕಿ. ಮನೆಯಲ್ಲಿರುವಾಗಲೇ ಮ್ಯಾಪನ್ನು ಫೋನಿಗೆ ಇಳಿಸಿಕೊಳ್ಳಿ. ಗುಡ್ಡದ ತಗ್ಗಿನಲ್ಲಿ ಸಿಗ್ನಲ್ ನಂಬುವಂತಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಪಾರ್ಕಿಂಗ್ ತುಂಬಿರುವುದು ಸಾಮಾನ್ಯ. ಪರ್ಸು, ಪಾಸ್‌ಪೋರ್ಟು, ಲ್ಯಾಪ್‌ಟಾಪ್ ಚೀಲ ಕಾರಿನ ಸೀಟಿನ ಮೇಲೆ ಬಿಡಬೇಡಿ. ಟ್ರೇಲ್ ಪಾರ್ಕಿಂಗ್‌ಗಳಲ್ಲಿ ಗಾಜು ಒಡೆಯುವವರು ಇರುತ್ತಾರೆ. ಮುಖ್ಯವಾಗಿ, ಎಲ್ಲರೂ ಇಲ್ಲೇ ಶೌಚಾಲಯಕ್ಕೆ ಹೋಗಿಬಿಡಿ, "ನಂಗೆ ಬರ್ತಿಲ್ಲ" ಅನ್ನುವ ಮಗುವೂ ಸೇರಿ. ಮುಂದೆ ದಾರಿಯಲ್ಲಿ ಸಿಗುವುದಿಲ್ಲ.

ಹಂತ 5: ಕೆರೆ ತನಕದ ನಡಿಗೆ

ಪಾರ್ಕಿಂಗ್ ಇರುವುದು ರಸ್ತೆಯ ಒಂದು ಬದಿ, ಕೆರೆ ಇರುವುದು ಇನ್ನೊಂದು ಬದಿ. ಅಂದರೆ ಶುರುವಿನಲ್ಲೇ ರಸ್ತೆ ದಾಟಬೇಕು. ಮಕ್ಕಳ ಕೈ ಹಿಡಿದುಕೊಳ್ಳಿ. ಕಾರಿಗಿಂತ ಹೆಚ್ಚು ಹೆದರಬೇಕಾದ್ದು ಸೈಕಲ್ಲಿಗೆ. ಇದು ಸೈಕಲ್ ಸವಾರರ ಅಚ್ಚುಮೆಚ್ಚಿನ ರಸ್ತೆ, ಸದ್ದೇ ಇಲ್ಲದೆ ಬರುತ್ತಾರೆ.

ದಾಟಿದ ಮೇಲೆ ಕವಲುಗಳು ಜಾಸ್ತಿ. ಪ್ರತಿ ಕವಲಿನಲ್ಲೂ ಕಂಬ ನೆಟ್ಟು ಹೆಸರು ಬರೆದಿದ್ದಾರೆ. ನೋಡಬೇಕಾದ ಹೆಸರು "ಅರಾಸ್ಟ್ರಡೇರೊ ಲೇಕ್" ಮತ್ತು "ಅರಾಸ್ಟ್ರಡೇರೊ ಕ್ರೀಕ್ ಟ್ರೇಲ್". ಕ್ರೀಕ್ ಅಂದರೆ ಹಳ್ಳ. ಜುವಾನ್ ಬೌಟಿಸ್ಟಾ ಡಿ ಆನ್ಜಾ ಅನ್ನುವ ಉದ್ದ ಹೆಸರಿನ ಟ್ರೇಲ್ ಕೂಡ ಕಾಣುತ್ತದೆ. 1775-76ರಲ್ಲಿ ಈ ಕಡೆಗೆ ವಲಸಿಗರ ತಂಡ ಕಟ್ಟಿಕೊಂಡು ಬಂದ ಸ್ಪ್ಯಾನಿಷ್ ಸೇನಾಧಿಕಾರಿ ಅವನು. ಗುಡ್ಡದ ಮೇಲೆ ಹೋಗುವ ಬೇರೆ ಟ್ರೇಲ್‌ಗಳೂ ಚೆನ್ನಾಗಿವೆ, ಆದರೆ ಅಜ್ಜಿ ತಾತ ಇದ್ದ ದಿನಕ್ಕಲ್ಲ.

ದಾರಿ ಎಲ್ಲರದ್ದು. ಸೈಕಲ್ಲು, ಕುದುರೆ ಎರಡೂ ಬರುತ್ತವೆ. ಕುದುರೆ ಬಂದರೆ ಒಂದು ಬದಿಗೆ ಸರಿದು ಸುಮ್ಮನೆ ನಿಲ್ಲಿ. ಮಕ್ಕಳು ಕೂಗಿಕೊಂಡು ಹತ್ತಿರ ಓಡಬಾರದು.

ಇನ್ನು ಓಕ್ ಮರ. ಇದಕ್ಕೆ ಕನ್ನಡದಲ್ಲಿ ಮನೆಮಾತಿನ ಹೆಸರಿಲ್ಲ, ನಮ್ಮ ಕಡೆ ಕಾಡುಗಳಲ್ಲಿ ಇದು ಇಲ್ಲವಲ್ಲ. ಇಲ್ಲಿ ಮುಖ್ಯವಾಗಿ ಮೂರು ಬಗೆ. ಗುರುತಿಸುವ ಆಟ ಮಕ್ಕಳಿಗೆ ಕೊಡಿ. ಎಲೆ ಚಿಕ್ಕದು, ಗಟ್ಟಿ, ಅಂಚಿನಲ್ಲಿ ಮುಳ್ಳು, ಬಗ್ಗಿಸಿದ ದೋಣಿಯ ಹಾಗಿದ್ದರೆ ಕೋಸ್ಟ್ ಲೈವ್ ಓಕ್. ಅದು ವರ್ಷಪೂರ್ತಿ ಹಸಿರು. ಎಲೆಯ ಅಂಚು ಬೆರಳು ಬೆರಳಾಗಿ ಆಳಕ್ಕೆ ಸೀಳಿದ್ದರೆ ವ್ಯಾಲಿ ಓಕ್. ಎಲೆಗೆ ನೀಲಿ ಬೆರೆತ ಮಂಕು ಹಸಿರು ಬಣ್ಣ, ಅಂಚು ಮೆಲ್ಲಗೆ ಅಲೆಅಲೆಯಾಗಿದ್ದರೆ ಬ್ಲೂ ಓಕ್. ಕಡೆಯ ಎರಡೂ ಚಳಿಗಾಲದಲ್ಲಿ ಎಲೆ ಉದುರಿಸುತ್ತವೆ. ಕಾಯಿಗೆ ಏಕಾರ್ನ್ ಅಂತಾರೆ, ಟೋಪಿ ಹಾಕಿಕೊಂಡ ಗೋಲಿಯ ಹಾಗಿರುತ್ತದೆ. ಇಲ್ಲಿನ ಮೂಲನಿವಾಸಿ ಒಲೋನಿ ಜನ ಅದನ್ನು ಕುಟ್ಟಿ, ಹಿಟ್ಟಿನ ಕಹಿ ಹೋಗುವ ತನಕ ನೀರಿನಲ್ಲಿ ತೊಳೆದು, ಅಂಬಲಿ ಕಾಯಿಸಿ ಉಣ್ಣುತ್ತಿದ್ದರು.

ವ್ಯಾಲಿ ಓಕ್ ಕೊಂಬೆಯಲ್ಲಿ ಸೇಬಿನಂಥ ಉರುಟು ಗಂಟು ಕಂಡರೆ ಅಮ್ಮನನ್ನು ಕರೆಯಿರಿ. ಮೊದಲು ಹಸಿರು, ಆಮೇಲೆ ಕಂದು. ಕೈಗೆ ಹಗುರ, ಮೈಮೇಲೆ ಸಣ್ಣ ತೂತು. ಅದು ಹಣ್ಣಲ್ಲ. ಒಂದು ಪುಟ್ಟ ಕಣಜ ಕೊಂಬೆಯೊಳಗೆ ಮೊಟ್ಟೆ ಇಡುತ್ತದೆ, ಮರಿಯ ಸುತ್ತ ಮರವೇ ಉಬ್ಬಿ ಗೂಡು ಕಟ್ಟಿಕೊಡುತ್ತದೆ. ಮರಿ ಬೆಳೆದು ಹೊರಟ ಬಾಗಿಲೇ ಆ ತೂತು. ಬಾಣಂತನ ಮಾಡಿದ ನಮ್ಮ ಅಜ್ಜಿ ಅಮ್ಮಂದಿರಿಗೆ ಇದರ ನೆಂಟ ಚೆನ್ನಾಗಿ ಗೊತ್ತು: ಬಜೆಯ ಜೊತೆ ಸಾಣೆಕಲ್ಲಿನ ಮೇಲೆ ತೇಯುವ ಮಾಚಿಕಾಯಿ. ಅದು ಕಾಯಿಯೇ ಅಲ್ಲ, ಟರ್ಕಿ, ಇರಾನ್ ಕಡೆಯ ಒಂದು ಓಕ್ ಮರದ ಇಂಥದ್ದೇ ಗಂಟು. ಗ್ರಂಥಿಗೆ ಅಂಗಡಿಯಲ್ಲಿ ಕೊಂಡು ತಂದಷ್ಟೇ ಗೊತ್ತಿದ್ದ ಅತ್ತೆ ಮರದಲ್ಲಿ ನೋಡಿ ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ. ಆದರೆ ಇದು ಬೇರೆ ಮರ, ಬೇರೆ ಕಣಜ. ಔಷಧಿಗೆ ಅಂತ ಕಿಸೆಗೆ ಹಾಕಿಕೊಳ್ಳುವುದು ಬೇಡ. ಪ್ರಿಸರ್ವ್‌ನಿಂದ ಹೂ, ಕಾಯಿ, ಎಲೆ ಏನನ್ನೂ ಒಯ್ಯುವಂತಿಲ್ಲ. ಪಲಾವ್ ಎಲೆಯಂಥ ಘಮ ಬರುವ ಬೇ ಲಾರೆಲ್ ಮರಕ್ಕೂ ಇದೇ ಮಾತು. ಇಲ್ಲಿನ ಜಾತಿಯ ಘಾಟು ತುಂಬ ಜೋರು, ಒಂದೆಲೆ ಪಲಾವಿಗೆ ಹಾಕಿದರೆ ಪಲಾವ್ ಔಷಧಿಯಾಗುತ್ತದೆ.

ಈಗ ನಿಜವಾಗಿ ಎಚ್ಚರದಿಂದ ಇರಬೇಕಾದ ಗಿಡ: ಪಾಯ್ಸನ್ ಓಕ್. ಹೆಸರಲ್ಲಿ ಓಕ್ ಇದ್ದರೂ ಓಕ್ ಅಲ್ಲ. ಇದು ಮಾವು, ಗೋಡಂಬಿಯ ಕುಟುಂಬದ್ದು. ಮಾವಿನಕಾಯಿ ಸೊನೆ ತಾಗಿ ಬಾಯಿ ಸುಟ್ಟುಕೊಂಡವರು, ಗೇರುಬೀಜದ ಎಣ್ಣೆ ತಾಗಿ ಕೈ ಸಿಪ್ಪೆ ಎದ್ದವರು ಊರಲ್ಲಿ ಇದ್ದೇ ಇರುತ್ತಾರೆ. ಅದೇ ಜಾತಿಯ ಎಣ್ಣೆ ಇದರ ಎಲೆಯಲ್ಲಿ, ಕಾಂಡದಲ್ಲಿ, ಬೇರಿನಲ್ಲಿ ಇದೆ. ಹೆಸರು ಯುರುಶಿಯಾಲ್. ಗುರುತು ಹೀಗೆ: ಒಂದು ತೊಟ್ಟಿಗೆ ಮೂರು ಎಲೆ. ನಡುವಿನ ಎಲೆಗೆ ಮಾತ್ರ ತುಸು ಉದ್ದ ತೊಟ್ಟು. ವಸಂತದಲ್ಲಿ ಎಲೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚುತ್ತದೆ, ಬೇಸಿಗೆ ಕೊನೆಗೆ ಕುಂಕುಮದ ಕೆಂಪು. ಆ ಕೆಂಪು ನೋಡಿ "ಎಷ್ಟು ಚೆಂದ" ಅಂತ ಮುಟ್ಟಿದವರೇ ಜಾಸ್ತಿ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿ ಇದ್ದಾಗಲೂ ತಾಗಿದರೆ ಬಿಡುವುದಿಲ್ಲ. ದಾರಿಯ ನಡುವೆ ನಡೆದರೆ ಏನೂ ಆಗಲ್ಲ. ಮೂತ್ರಕ್ಕೆ ಅಂತ ಪೊದೆ ಹಿಂದೆ ಹೋದವರು, ಫೋಟೋಗೆ ಅಂತ ಪೊದೆಗೆ ಒರಗಿದವರು, ಇವರಿಬ್ಬರೇ ಸಿಕ್ಕಿಬೀಳುವವರು.

ಬೆಚ್ಚಗಿನ ತಿಂಗಳಲ್ಲಿ ಹಾವೂ ಬಿಸಿಲು ಕಾಯಲು ದಾರಿಗೆ ಬರುತ್ತದೆ. ಇಲ್ಲಿನ ವಿಷದ ಹಾವು ರ್‍ಯಾಟಲ್‌ಸ್ನೇಕ್, ಬಾಲದಲ್ಲಿ ಗಿಲಕಿ ಆಡಿಸುವ ಹಾವು. ಎಲ್ಲ ಸಲವೂ ಸದ್ದು ಮಾಡಿಯೇ ತೀರುತ್ತದೆ ಅಂತೇನಿಲ್ಲ. ನೀವು ನಿಂತು, ಹಿಂದೆ ಸರಿದು, ಅದಕ್ಕೆ ದಾರಿ ಬಿಟ್ಟರೆ ಹೋಗುತ್ತದೆ. ಕಚ್ಚಿದರೆ ತುರ್ತು ಸಹಾಯದ 911ಕ್ಕೆ ಫೋನ್ ಮಾಡಿ. ಕಟ್ಟು ಕಟ್ಟುವುದು, ಕೊಯ್ಯುವುದು, ಹೀರುವುದು ಇವೆಲ್ಲ ಸಿನಿಮಾದಲ್ಲಿ ಮಾತ್ರ. ಬೆಟ್ಟದಲ್ಲಿ ಮೌಂಟನ್ ಲಯನ್, ಅಂದರೆ ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕು ಕೂಡ ಇದೆ, ನೋಡಿದವರು ಬಹಳ ಕಡಿಮೆ. ಮಕ್ಕಳನ್ನು ಮುಂದೆ ಓಡಲು ಬಿಡದೆ ದೊಡ್ಡವರ ನಡುವೆ ಇಟ್ಟುಕೊಳ್ಳಿ. ಎದುರಾದರೆ ಓಡಬೇಡಿ, ಮಗುವನ್ನು ಎತ್ತಿಕೊಳ್ಳಿ, ಕೈ ಮೇಲೆತ್ತಿ ಜೋರಾಗಿ ಕೂಗಿ.

ಹಂತ 6: ಕೆರೆ ಹತ್ತಿರ

ಬಂದ ತಕ್ಷಣ ಎಲ್ಲರೂ ಫೋನ್ ತೆಗೆದು ಫೋಟೋ ಹೊಡೆದು "ಇಷ್ಟೇನಾ?" ಅಂತ ಕೇಳುವ ಒಂದು ಕ್ಷಣ ಬರುತ್ತದೆ. ಅದನ್ನು ದಾಟಿ. ನೆರಳಿರುವ ಕಡೆ ಕೂತು, ಚಪಾತಿ ಬಿಚ್ಚಿ, ಹದಿನೈದು ನಿಮಿಷ ಮಾತು ಕಡಿಮೆ ಮಾಡಿ. ನೀವು ಬಂದ ಸದ್ದಿಗೆ ಜೊಂಡಿನೊಳಗೆ ಹೋದ ಜೀವಗಳೆಲ್ಲ ಒಂದೊಂದಾಗಿ ಹೊರಬರುತ್ತವೆ.

ವಸಂತದಲ್ಲಿ ಮೊದಲು ಕಾಣುವುದು ರೆಡ್-ವಿಂಗ್ಡ್ ಬ್ಲ್ಯಾಕ್‌ಬರ್ಡ್. ಕೂತಿದ್ದಾಗ ಬರೀ ಕಪ್ಪು ಹಕ್ಕಿ. ಜೊಂಡಿನ ತುದಿ ಹಿಡಿದು ಕೂಗುವಾಗ ಹೆಗಲು ಉಬ್ಬಿಸುತ್ತದೆ, ಆಗ ರೆಕ್ಕೆಯ ಮೇಲೆ ಕೆಂಪು ಪಟ್ಟಿ ಬೆಂಕಿಕಡ್ಡಿ ಗೀರಿದ ಹಾಗೆ ಹೊತ್ತಿಕೊಳ್ಳುತ್ತದೆ. ನೀರಿನ ಮೇಲೆ ಬಾತುಕೋಳಿ, ಬಿಸಿಲೇರಿದರೆ ಏರೋಪ್ಲೇನ್ ಚಿಟ್ಟೆ. ಹತ್ತಿರದ ಓಕ್ ಮರಗಳಲ್ಲಿ ಕೆಂಪು ಟೋಪಿಯ ಮರಕುಟಿಗ ಇದ್ದರೆ ಕಾಂಡವನ್ನು ಹತ್ತಿರದಿಂದ ನೋಡಿ. ಸಾಲುಸಾಲು ತೂತು ಕೊರೆದು, ಪ್ರತಿ ತೂತಿಗೂ ಒಂದೊಂದು ಏಕಾರ್ನ್ ಅದುಮಿಟ್ಟಿರುತ್ತವೆ. ಒಂದೇ ಮರದಲ್ಲಿ ಸಾವಿರಾರು ತೂತು. ಕಾಯಿ ಒಣಗಿ ಸಡಿಲವಾದರೆ ತೆಗೆದು ಇನ್ನೊಂದು ಸಣ್ಣ ತೂತಿಗೆ ಸಾಗಿಸುತ್ತವೆ. ನಮ್ಮ ಹಗೇವು, ಧಾನ್ಯದ ಕಣಜಗಳ ನೆನಪಿರುವ ತಾತನಿಗೆ ಇದನ್ನು ತೋರಿಸಿ.

ಮಾಡಬಾರದ್ದು ಇಷ್ಟು. ಈಜುವಂತಿಲ್ಲ, ದೋಣಿ ಟ್ಯೂಬು ಇಳಿಸುವಂತಿಲ್ಲ. ಕಾಲು ತೊಳೆಯಲು ಇಳಿಯುವುದೂ ಬೇಡ, ಅಂಚು ಕೆಸರು, ಎಲ್ಲಿ ಹೂತುಕೊಳ್ಳುತ್ತದೆ ಗೊತ್ತಾಗಲ್ಲ. ಮಗುವಿನ ಮೇಲೆ ಒಬ್ಬ ದೊಡ್ಡವರ ಕಣ್ಣು ಸದಾ ಇರಲಿ, "ಎಲ್ಲರೂ ನೋಡ್ತಿದ್ದಾರೆ" ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ ಅರ್ಥ. ಬಾತುಕೋಳಿಗೆ ಬ್ರೆಡ್ಡು, ಮೀನಿಗೆ ಮಂಡಕ್ಕಿ ಹಾಕಬೇಡಿ. ಪುಣ್ಯ ಬರುತ್ತದೆ ಅಂತ ಅಮ್ಮ ಅಂದರೂ ಬೇಡ. ಗಾಳ ಹಾಕಬಹುದು, ಆದರೆ 16 ವರ್ಷ ಮತ್ತು ಮೇಲ್ಪಟ್ಟವರಿಗೆ ರಾಜ್ಯದ ಮೀನುಗಾರಿಕೆ ಲೈಸೆನ್ಸ್ ಇರಲೇಬೇಕು.

ಎಲ್ಲರ ಕಾಲಲ್ಲೂ ಇನ್ನೂ ಕಸುವಿದ್ದರೆ ಇದೇ ಪ್ರಿಸರ್ವ್‌ನಲ್ಲಿ ಸೋಬಿ ಪಾಂಡ್ ಅನ್ನುವ ಇನ್ನೊಂದು ಪುಟ್ಟ ಹೊಂಡ ಇದೆ. ಮ್ಯಾಪ್ ನೋಡಿ ತೀರ್ಮಾನಿಸಿ. ನನ್ನ ಕೇಳಿದರೆ ಅಜ್ಜಿ ತಾತನ ದಿನಕ್ಕೆ ಒಂದೇ ಕೆರೆ ಸಾಕು.

ಮಾವನಿಗೆ 20 ನಿಮಿಷವೂ ನಡೆಯಲು ಆಗದು ಅನ್ನುವವರಿಗೆ ಇದೇ ಪೇಜ್ ಮಿಲ್ ರಸ್ತೆಯಲ್ಲಿ ಇನ್ನೂ ಮೇಲೆ ಹೋದರೆ ಫುಟ್‌ಹಿಲ್ಸ್ ನೇಚರ್ ಪ್ರಿಸರ್ವ್ ಇದೆ. ಅಲ್ಲಿನ ಬೊರಾಂಡಾ ಕೆರೆಗೆ ಕಾರಿನಲ್ಲೇ ಹತ್ತಿರ ಹೋಗಬಹುದು. ದಶಕಗಳ ಕಾಲ ಅದು ಪಾಲೊ ಆಲ್ಟೊ ನಿವಾಸಿಗಳಿಗೆ ಮಾತ್ರ ಇತ್ತು, 2020ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆಯಿತು. ಹಳಬರು ಈಗಲೂ "ಅಲ್ಲಿ ಬಿಡಲ್ಲ" ಅಂತಾರೆ, ಬಿಡ್ತಾರೆ. ಅಲ್ಲಿ ಪ್ರವೇಶ ಶುಲ್ಕ ಉಂಟು.

ಹಂತ 7: ಮನೆಗೆ ಬಂದ ಮೇಲೆ

ಇದನ್ನು ಬಿಟ್ಟುಬಿಡುವವರೇ ಜಾಸ್ತಿ. ಸೋಫಾ ಮೇಲೆ ಕೂರುವ ಮುಂಚೆ ಬಟ್ಟೆಯೆಲ್ಲ ವಾಷಿಂಗ್ ಮಷೀನಿಗೆ, ಎಲ್ಲರೂ ಬಚ್ಚಲಿಗೆ.

ಒಂದು ಕಾರಣ ಪಾಯ್ಸನ್ ಓಕ್ ಎಣ್ಣೆ. ಅದು ಬಟ್ಟೆ, ಶೂ ಲೇಸು, ನಾಯಿಯ ಕೂದಲಿಗೆ ಅಂಟಿ ಬರುತ್ತದೆ. ತಾಗಿರಬಹುದು ಅನ್ನಿಸಿದರೆ ಆದಷ್ಟು ಬೇಗ ಸೋಪು ಮತ್ತು ತಣ್ಣೀರಿನಲ್ಲಿ ಚೆನ್ನಾಗಿ ತೊಳೆಯಿರಿ. ತುರಿಕೆ ಅವತ್ತೇ ಬರುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನ ಬಿಟ್ಟು ಗೀರಿದ ಹಾಗೆ ಸಾಲಾಗಿ ಗುಳ್ಳೆ ಏಳುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಹಿಂದಿನ ದಿನ ತಿಂದ ಬದನೆಕಾಯಿಯನ್ನು ಬೈಯುತ್ತಿರುತ್ತಾರೆ. ಮುಖ, ಕಣ್ಣಿನ ಹತ್ತಿರ ಬಂದರೆ, ಮೈಯೆಲ್ಲ ಹರಡಿದರೆ ಡಾಕ್ಟರಿಗೆ ತೋರಿಸಿ. ಊರಿನವರಿಗೆ ಟ್ರಾವೆಲ್ ಇನ್ಶೂರೆನ್ಸ್ ಕಾಗದ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಂಡಿರಿ.

ಇನ್ನೊಂದು ಕಾರಣ ಟಿಕ್, ಅಂದರೆ ಉಣ್ಣಿ. ಮಲೆನಾಡಿನವರಿಗೆ ಉಣುಗು. ಮಂಗನ ಕಾಯಿಲೆ ಹರಡುವುದು ಇದರ ನೆಂಟರೇ ಆದ್ದರಿಂದ ಶಿವಮೊಗ್ಗ ಕಡೆಯವರಿಗೆ ಜಾಸ್ತಿ ವಿವರಿಸಬೇಕಾಗಿಲ್ಲ. ಇಲ್ಲಿನ ಉಣ್ಣಿಯಿಂದ ಬರಬಹುದಾದದ್ದು ಲೈಮ್ ಕಾಯಿಲೆ. ಎಲ್ಲ ಉಣ್ಣಿಯಲ್ಲೂ ಅದು ಇರುವುದಿಲ್ಲ, ಇದ್ದರೂ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ದಾಟುತ್ತದೆ. ಹಾಗಾಗಿ ಅವತ್ತೇ ಹುಡುಕಿದರೆ ಅರ್ಧ ಗೆದ್ದ ಹಾಗೆ. ಮರಿ ಉಣ್ಣಿ ಗಸಗಸೆ ಕಾಳಿನಷ್ಟಿರುತ್ತದೆ, ಮಚ್ಚೆ ಅಂತ ಬಿಟ್ಟುಬಿಡಬೇಡಿ. ಕಿವಿಯ ಹಿಂದೆ, ತಲೆಕೂದಲ ಅಂಚು, ಕಂಕುಳು, ಸೊಂಟದ ಸುತ್ತ, ಮಂಡಿ ಹಿಂದೆ ನೋಡಿ. ಕಂಡರೆ ಸೀಮೆಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ಇಡುವುದು ಬೇಡ. ಚೂಪು ಟ್ವೀಜರ್‌ನಿಂದ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರ ಮೇಲಕ್ಕೆ ಎಳೆಯಿರಿ. ಆಮೇಲೆ ಸೋಪು ಹಾಕಿ ತೊಳೆದು, ದಿನಾಂಕ ಬರೆದಿಟ್ಟುಕೊಳ್ಳಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ ಅಥವಾ ಅಗಲವಾಗುತ್ತ ಹೋಗುವ ಕೆಂಪು ಕಲೆ ಬಂದರೆ ಡಾಕ್ಟರಿಗೆ ಆ ದಿನಾಂಕ ಹೇಳಿ. ಅಷ್ಟರಲ್ಲಿ ಅಪ್ಪ ಅಮ್ಮ ಊರಿಗೆ ವಾಪಸ್ ಹೋಗಿದ್ದರೆ ಅಲ್ಲಿನ ಡಾಕ್ಟರಿಗೂ ಕ್ಯಾಲಿಫೋರ್ನಿಯಾದಲ್ಲಿ ಉಣ್ಣಿ ಕಚ್ಚಿತ್ತು ಅಂತ ಹೇಳಲು ನೆನಪಿಸಿ, ಅವರಾಗಿ ಕೇಳುವುದಿಲ್ಲ.

ಸಾಕ್ಸ್ ಮಾತ್ರ ಬೇರೆ ಇಡಿ. ಫಾಕ್ಸ್‌ಟೇಲ್ ಮುಳ್ಳು ಮಷೀನಿನಲ್ಲಿ ಹೋಗುವುದಿಲ್ಲ, ಪಕ್ಕದ ಒಳ್ಳೆ ಬಟ್ಟೆಗೂ ಹತ್ತುತ್ತದೆ. ಸಂಜೆ ಕಾಫಿ ಕುಡಿಯುತ್ತ ಕೈಯಲ್ಲೇ ಕೀಳಬೇಕು. ಆ ಕೆಲಸ ಮಾವನಿಗೆ ಕೊಡಿ, ಹೇಗೂ ಟೀವಿ ನೋಡುತ್ತಿರುತ್ತಾರೆ.